ಕೇಳುವ ಸರ್ಕಾರ, ಹೇಳುವ ಖರ್ಚು: ಕೆನಡಾದ ಆರ್ಥಿಕ ನೀತಿಯಲ್ಲಿ ಜನರ ಅಹವಾಲಿನ ಚರಿತ್ರೆ

1888ರಲ್ಲಿ ಮಾಂಟ್ರಿಯಲ್ ನಗರಕ್ಕೆ ಒಂದು ಸರ್ಕಾರಿ ಆಯೋಗ ಬಂತು. ಸಿಗಾರ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹುಡುಗರು, ಹುಡುಗಿಯರು ಅದರ ಮುಂದೆ ತಮ್ಮ ಪಾಡು ಹೇಳಿಕೊಂಡರು. ಕೆಲಸ ಕೆಟ್ಟರೆ ಕೂಲಿಯಲ್ಲಿ ದಂಡ, ಹೇಳಿದ ಮಾತು ಕೇಳದಿದ್ದರೆ ಏಟು, ಅದಕ್ಕೂ ಬಗ್ಗದವರಿಗೆ ನೆಲಮಾಳಿಗೆಯ ಕತ್ತಲೆ ಕೋಣೆ. ಸಾಕ್ಷಿ ನುಡಿದವರಲ್ಲಿ ಕೆಲವರು ಹೆಸರು ಕೊಡಲು ಹೆದರಿದರು. ಮಾಲೀಕರಿಗೆ ಗೊತ್ತಾದರೆ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಆಯೋಗವೂ ಅದನ್ನು ಅರ್ಥಮಾಡಿಕೊಂಡು ಅಂಥವರ ಹೇಳಿಕೆಯನ್ನು ಹೆಸರಿಲ್ಲದೆಯೇ ಬರೆದುಕೊಂಡಿತು.

ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ 1886ರಲ್ಲಿ ನೇಮಿಸಿದ ಈ ಕಾರ್ಮಿಕ-ಬಂಡವಾಳ ಸಂಬಂಧಗಳ ರಾಯಲ್ ಕಮಿಷನ್ ಒಂಟಾರಿಯೊ, ಕ್ವಿಬೆಕ್, ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ ಸುತ್ತಿ ಸುಮಾರು 1,800 ಜನರ ಮಾತು ಕೇಳಿತು. 1889ರಲ್ಲಿ ವರದಿ ಬರುವ ಹೊತ್ತಿಗೆ ಸದಸ್ಯರೊಳಗೇ ಒಡಕು ಮೂಡಿ ಒಂದರ ಬದಲು ಎರಡು ವರದಿಗಳಾದವು. ಸರ್ಕಾರ ಎರಡನ್ನೂ ಹೆಚ್ಚುಕಡಿಮೆ ಕಪಾಟಿನಲ್ಲಿಟ್ಟಿತು. ಕಣ್ಣಿಗೆ ಕಾಣುವಂತೆ ಉಳಿದದ್ದು ಒಂದು ರಜೆ: ಆಯೋಗ ಶಿಫಾರಸು ಮಾಡಿದ್ದ ಕಾರ್ಮಿಕ ದಿನ 1894ರಲ್ಲಿ ಕಾನೂನಾಯಿತು.

ಸುಂಕ, ತೆರಿಗೆ, ಬಜೆಟ್, ಕೊಳವೆಮಾರ್ಗ, ಆಹಾರದ ಲೇಬಲ್ ಹೀಗೆ ಆರ್ಥಿಕ ಬದುಕಿನ ಯಾವ ವಿಷಯವೇ ಇರಲಿ, ಜನರನ್ನು ಕೇಳಿಯೇ ಮುಂದುವರಿಯುತ್ತೇವೆ ಎನ್ನುವುದು ಕೆನಡಾದ ಆಡಳಿತದ ಹಳೆಯ ವಾಡಿಕೆ. ಈ ವಾಡಿಕೆಯ ಚರಿತ್ರೆಯಲ್ಲಿ ಎರಡು ಸಂಗತಿಗಳು ಪದೇಪದೇ ಎದುರಾಗುತ್ತವೆ. ಜನರನ್ನು ಕೇಳಿದ್ದು ನಿರ್ಧಾರಕ್ಕೆ ಮುಂಚೆಯೋ ಆಮೇಲೆಯೋ ಎಂಬುದು ಒಂದು. ಬಂದು ಹೇಳುವುದಕ್ಕೆ ತಗಲುವ ಖರ್ಚನ್ನು ಯಾರು ಹೊತ್ತರು ಎಂಬುದು ಇನ್ನೊಂದು. ಇವೆರಡಕ್ಕೆ ಉತ್ತರ ಸಿಕ್ಕರೆ ಅಹವಾಲಿನ ಫಲ ಏನಾಗುತ್ತದೆಂದು ಬಹುಪಾಲು ಮೊದಲೇ ಊಹಿಸಬಹುದು.

ಸುಂಕದ ಕತೆಯಲ್ಲೇ ಇದು ಕಾಣುತ್ತದೆ. 1879ರಿಂದ ಕೆನಡಾ ಹೊರದೇಶದ ಸಾಮಾನಿಗೆ ಭಾರಿ ಸುಂಕ ಹಾಕಿ ಪೂರ್ವ ಪ್ರಾಂತ್ಯಗಳ ಕಾರ್ಖಾನೆಗಳನ್ನು ಕಾಪಾಡುತ್ತಿತ್ತು. ಪಶ್ಚಿಮದ ಗೋಧಿ ಬೆಳೆಗಾರ ನೇಗಿಲು, ಕಟಾವು ಯಂತ್ರಗಳನ್ನು ಸುಂಕದಿಂದ ಏರಿದ ಬೆಲೆಗೆ ಕೊಳ್ಳಬೇಕು, ಗೋಧಿಯನ್ನು ಮಾತ್ರ ಜಾಗತಿಕ ಮಾರುಕಟ್ಟೆಯ ಬೆಲೆಗೆ ಮಾರಬೇಕು. 1896ರಲ್ಲಿ ಅಧಿಕಾರಕ್ಕೆ ಬಂದ ವಿಲ್ಫ್ರಿಡ್ ಲೋರಿಯೇ ಸರ್ಕಾರದ ಹಣಕಾಸು ಮಂತ್ರಿ ವಿಲಿಯಂ ಫೀಲ್ಡಿಂಗ್, ಸುಂಕ ಬದಲಿಸುವ ಮುನ್ನ ಸಹಮಂತ್ರಿಗಳೊಂದಿಗೆ ಊರೂರು ತಿರುಗಿ ಅಹವಾಲು ಕೇಳಿದ. 1905-06ರಲ್ಲಿ ಮತ್ತೊಂದು ಸುತ್ತು ನಡೆಯಿತು. ಕಾರ್ಖಾನೆದಾರರಿಗೆ ಇದು ಸಲೀಸು: ಲೆಕ್ಕಪತ್ರ ಹಿಡಿದ ಗುಮಾಸ್ತರಿದ್ದರು, ಸಂಘವಿತ್ತು. ರೈತನಾದರೆ ಹೊಲ ಬಿಟ್ಟು ಬರಬೇಕು.

ರೈತರು ಕೊನೆಗೆ ಕರೆಯದೆಯೇ ಬಂದರು. 1910ರ ಡಿಸೆಂಬರ್ 16ರಂದು 800ಕ್ಕೂ ಹೆಚ್ಚು ರೈತರು ಆಟವಾಕ್ಕೆ ಬಂದಿಳಿದು, ಮೆರವಣಿಗೆಯಲ್ಲಿ ಸಂಸತ್ ಭವನಕ್ಕೆ ನಡೆದು, ಕೆಳಮನೆಯ ಸಭಾಂಗಣದೊಳಗೇ ನಿಂತು ಬೇಡಿಕೆ ಓದಿದರು. ‘ಆಟವಾ ಮುತ್ತಿಗೆ’ ಎಂದೇ ಅದು ಪ್ರಸಿದ್ಧ. ಮರುತಿಂಗಳೇ ಲೋರಿಯೇ ಸರ್ಕಾರ ಅಮೆರಿಕದ ಜೊತೆ ಸುಂಕ ಇಳಿಸುವ ಒಪ್ಪಂದ ಪ್ರಕಟಿಸಿತು. 1911ರ ಸೆಪ್ಟೆಂಬರ್ ಚುನಾವಣೆಯಲ್ಲಿ ಒಪ್ಪಂದವೂ ಬಿತ್ತು, ಸರ್ಕಾರವೂ ಬಿತ್ತು. ರೈತರ ದನಿ ಮಂತ್ರಿಗಳಿಗೆ ಕೇಳಿತ್ತು, ಆದರೆ ಮತಪೆಟ್ಟಿಗೆಯ ಲೆಕ್ಕ ಬೇರೆಯಿತ್ತು.

ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳು ರಾಯಲ್ ಕಮಿಷನ್‌ಗಳ ಸುಗ್ಗಿಕಾಲ. ಕೇಂದ್ರ-ಪ್ರಾಂತ್ಯಗಳ ಹಣಕಾಸು ಕುರಿತ ರೋವೆಲ್-ಸಿರ್ವಾ ಆಯೋಗ 1937ರಲ್ಲಿ, ದೇಶದ ಆರ್ಥಿಕ ಭವಿಷ್ಯ ಕುರಿತ ಗಾರ್ಡನ್ ಆಯೋಗ 1955ರಲ್ಲಿ ನೇಮಕವಾದವು. ಇವೆಲ್ಲಕ್ಕಿಂತ ಕುತೂಹಲದ್ದು ತೆರಿಗೆ ಕುರಿತು 1962ರಲ್ಲಿ ನೇಮಕವಾದ ಆಯೋಗ. ಟೊರಾಂಟೊದ ಲೆಕ್ಕಪರಿಶೋಧಕ ಕೆನೆತ್ ಕಾರ್ಟರ್ ಅದರ ಮುಖ್ಯಸ್ಥ. 1967ರಲ್ಲಿ ಹೊರಬಂದ ಆರು ಸಂಪುಟಗಳ ವರದಿಯ ತಿರುಳು ಸರಳ: ಸಂಬಳವಾಗಿ ಬಂದ ಡಾಲರಿಗೂ, ಷೇರು ಮಾರಿದ ಲಾಭದ ಡಾಲರಿಗೂ ಒಂದೇ ತೆರಿಗೆ ಇರಲಿ. ಅಲ್ಲಿಯವರೆಗೆ ಕೆನಡಾದಲ್ಲಿ ಬಂಡವಾಳ ಲಾಭಕ್ಕೆ ತೆರಿಗೆಯೇ ಇರಲಿಲ್ಲ.

ಹಣಕಾಸು ಮಂತ್ರಿ ಎಡ್ಗರ್ ಬೆನ್ಸನ್ ಈ ವಿಚಾರಗಳನ್ನು ಕೊಂಚ ಮೆತ್ತಗೆ ಮಾಡಿ 1969ರ ನವೆಂಬರ್‌ನಲ್ಲಿ ಶ್ವೇತಪತ್ರವಾಗಿ ಪ್ರಕಟಿಸಿ ಅಭಿಪ್ರಾಯ ಕೇಳಿದ. ಆಗ ಎದ್ದ ಗದ್ದಲ ಕೆನಡಾ ಮರೆತಿಲ್ಲ. ಸಂಸತ್ತಿನ ಎರಡೂ ಮನೆಗಳ ಸಮಿತಿಗಳ ಮುಂದೆ ನೂರಾರು ಮನವಿಗಳು ಬಂದವು. ಗಣಿ ಕಂಪನಿಗಳು, ಪ್ರಾಂತೀಯ ಸರ್ಕಾರಗಳು, ಅಂಗಡಿಕಾರರು ಎಲ್ಲರೂ ಇದ್ದರು. ಟೊರಾಂಟೊದ ದರ್ಜಿಯೊಬ್ಬರ ಮಗ ಜಾನ್ ಬುಲ್ಲಕ್ ಸಣ್ಣ ವ್ಯಾಪಾರಿಗಳನ್ನು ಒಟ್ಟುಗೂಡಿಸಿ ಶ್ವೇತಪತ್ರದ ವಿರುದ್ಧ ಚಳವಳಿ ಹೂಡಿದ. ಆ ಚಳವಳಿಯೇ 1971ರಲ್ಲಿ ಸ್ವತಂತ್ರ ಉದ್ಯಮಿಗಳ ಕೆನಡಾ ಒಕ್ಕೂಟವಾಗಿ ನೆಲೆಯೂರಿತು. ಆಟವಾದ ತೆರಿಗೆ ಚರ್ಚೆಗಳಲ್ಲಿ ಇವತ್ತಿಗೂ ಅದರ ದನಿ ಗಟ್ಟಿ. 1972ರ ಜನವರಿ 1ರಿಂದ ಜಾರಿಯಾದ ಕಾನೂನಿನಲ್ಲಿ ಬಂಡವಾಳ ಲಾಭದ ಅರ್ಧಕ್ಕೆ ಮಾತ್ರ ತೆರಿಗೆ ಉಳಿಯಿತು. ಜೊತೆಗೆ ಕೇಂದ್ರದ ಎಸ್ಟೇಟ್ ತೆರಿಗೆಯೇ ರದ್ದಾಯಿತು. ಕಾರ್ಟರ್ ಸುಧಾರಣೆಯಿಂದ ಯಾರ ಹೊರೆ ಇಳಿಯುತ್ತಿತ್ತೋ ಆ ಸಣ್ಣ ಸಂಬಳದವರು ಸಮಿತಿಯ ಮುಂದೆ ಸಾಲುಗಟ್ಟಿ ನಿಲ್ಲಲಿಲ್ಲ. ಲಾಭ ಲಕ್ಷಾಂತರ ಮಂದಿಗೆ ಚೂರುಚೂರಾಗಿ ಹಂಚಿಹೋಗುವಾಗ ಯಾರೂ ವಕೀಲರನ್ನಿಟ್ಟುಕೊಂಡು ಆಟವಾಕ್ಕೆ ಹೋಗುವುದಿಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದವಿದೆ. ಅದಕ್ಕಾಗಿ ಉತ್ತರಕ್ಕೆ, ಮೆಕೆಂಜಿ ನದಿಯ ಕಣಿವೆಗೆ ಹೋಗಬೇಕು.

1970ರ ದಶಕದ ಆರಂಭದಲ್ಲಿ ಆರ್ಕ್ಟಿಕ್ ತೀರದ ಅನಿಲವನ್ನು ದಕ್ಷಿಣಕ್ಕೆ ತರುವ ಕೊಳವೆಮಾರ್ಗದ ಪ್ರಸ್ತಾವ ಬಂತು. ಅದರಿಂದಾಗುವ ಪರಿಣಾಮಗಳನ್ನು ಪರಿಶೀಲಿಸಲು 1974ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಥಾಮಸ್ ಬರ್ಜರ್ ನೇಮಕವಾದರು. ಅವರು ಮೊದಲು ಮಾಡಿದ ಕೆಲಸವೆಂದರೆ, ಕಂಪನಿಗಳೆದುರು ವಾದ ಮಂಡಿಸಲು ಮೂಲನಿವಾಸಿ ಸಂಘಟನೆಗಳಿಗೆ, ಪರಿಸರ ಗುಂಪುಗಳಿಗೆ ಸರ್ಕಾರದಿಂದಲೇ ಹಣ ಕೊಡಿಸಿದ್ದು. ಎರಡನೆಯದು, ತಾವೇ ಹೊರಟದ್ದು. ಯೆಲ್ಲೊನೈಫ್‌ನಲ್ಲಿ ತಜ್ಞರ ಔಪಚಾರಿಕ ವಿಚಾರಣೆ ನಡೆದಿದ್ದಾಗಲೇ ಡೆನೆ, ಇನ್ಯೂಯಿಟ್, ಮೇಟಿ ಜನರ 35 ಊರು-ಕೇರಿಗಳಿಗೆ ಹೋಗಿ ಸುಮಾರು ಸಾವಿರ ಜನರ ಮಾತು ಕೇಳಿದರು. ಊರಿನ ಹಾಲ್, ಮರದ ದಿಮ್ಮಿಯ ಮನೆ, ಮೀನುಗಾರರ ಬಿಡಾರ ಎಲ್ಲಿ ಜನರಿದ್ದರೋ ಅಲ್ಲೇ ಅಹವಾಲು. ಗಡಿಯಾರ ನೋಡಿ ಮಾತು ಕತ್ತರಿಸುವ ಪದ್ಧತಿ ಇರಲಿಲ್ಲ. ಬೇಟೆಗಾರರು ತಾವು ಬೋನು ಹೂಡುವ ಜಾಡುಗಳನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರು. ಕಂಪನಿಯ ಕಡತಗಳಲ್ಲಿ ಖಾಲಿ ಜಾಗವಾಗಿದ್ದ ನೆಲ ಆ ನಕ್ಷೆಗಳಲ್ಲಿ ತುಂಬಿ ತುಳುಕುತ್ತಿತ್ತು. ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ದಿನದ ಕಲಾಪದ ವರದಿಯನ್ನು ಮೂಲನಿವಾಸಿ ಭಾಷೆಗಳಲ್ಲೂ ಬಿತ್ತರಿಸಿತು. ಹೀಗಾಗಿ ಒಂದು ಊರಿನವರಿಗೆ ಮತ್ತೊಂದು ಊರಿನವರು ಹೇಳಿದ್ದು ತಿಳಿಯುತ್ತಿತ್ತು.

1977ರ ಮೇ ತಿಂಗಳಲ್ಲಿ ಬಂದ ಬರ್ಜರ್ ವರದಿ ಉತ್ತರ ಯೂಕಾನ್ ಮೂಲಕ ಕೊಳವೆ ಎಂದಿಗೂ ಬೇಡ, ಮೆಕೆಂಜಿ ಕಣಿವೆಯಲ್ಲಿ ಭೂಹಕ್ಕಿನ ಇತ್ಯರ್ಥವಾಗುವವರೆಗೆ ಹತ್ತು ವರ್ಷ ತಡೆಯಿರಿ ಎಂದಿತು. ಸರ್ಕಾರಿ ವರದಿಯೊಂದು ಪುಸ್ತಕದಂಗಡಿಗಳಲ್ಲಿ ಬಿಸಿಬಿಸಿಯಾಗಿ ಖರ್ಚಾದದ್ದು ಅಪರೂಪದ ಸಂಗತಿ. ಬರ್ಜರ್ ಅಭಿವೃದ್ಧಿಯನ್ನೇ ತಡೆದರೆಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಆದರೆ ಅವರು ಕೇಳಿದ್ದು ಸಮಯವನ್ನು. 2000ದಲ್ಲಿ ಅಲ್ಲಿನ ಮೂಲನಿವಾಸಿಗಳೇ ಹೊಸ ಕೊಳವೆ ಯೋಜನೆಯಲ್ಲಿ ಮೂರನೇ ಒಂದು ಪಾಲಿಗಾಗಿ ತಮ್ಮದೇ ಗುಂಪು ಕಟ್ಟಿಕೊಂಡರು. ಆ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. 2017ರಲ್ಲಿ ಅದನ್ನು ಕೈಬಿಟ್ಟವರು ಹೂಡಿಕೆದಾರ ಕಂಪನಿಗಳೇ. ಅಷ್ಟರಲ್ಲಿ ಅನಿಲದ ಮಾರುಕಟ್ಟೆ ಬದಲಾಗಿತ್ತು.

ಬರ್ಜರ್ ಮಾದರಿ ವಾಡಿಕೆಯಾಗಲಿಲ್ಲ. 1982ರಲ್ಲಿ ನೇಮಕವಾದ, ಮಾಜಿ ಹಣಕಾಸು ಮಂತ್ರಿ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್ ನೇತೃತ್ವದ ಆರ್ಥಿಕ ಆಯೋಗವೂ ದೇಶ ಸುತ್ತಿತು. ಚರ್ಚುಗಳು, ಕಾರ್ಮಿಕ ಸಂಘಗಳು, ಮಹಿಳಾ ಸಂಘಟನೆಗಳು ನಿರುದ್ಯೋಗದ ಬಗ್ಗೆ ಮಾತಾಡಿದವು. ಇನ್ನೊಂದು ಕಡೆ ವಿದ್ವಾಂಸರ ಸಂಶೋಧನೆ 72 ಸಂಪುಟ ತುಂಬಿತು. 1985ರ ವರದಿ ಅಮೆರಿಕದೊಂದಿಗೆ ಮುಕ್ತ ವ್ಯಾಪಾರ ಬೇಕೆಂದಿತು. ಅಧ್ಯಕ್ಷರಾದರೋ ವರದಿ ಸಿದ್ಧವಾಗುವ ಮೊದಲೇ, 1984ರ ಕೊನೆಯಲ್ಲಿ, ತಮ್ಮ ಒಲವನ್ನು ಬಹಿರಂಗವಾಗಿ ಹೇಳಿಬಿಟ್ಟಿದ್ದರು.

ಬಜೆಟ್ಟಿನ ವಿಷಯದಲ್ಲಿ ಕೇಳುವ ಮಾತೇ ಇರಲಿಲ್ಲ, ಗುಟ್ಟೇ ಧರ್ಮ. 1983ರಲ್ಲಿ ಮಂತ್ರಿ ಮಾರ್ಕ್ ಲಲೋಂಡ್ ಫೋಟೊಗಾಗಿ ಬಜೆಟ್ ಪ್ರತಿ ತಿರುವಿಹಾಕುತ್ತಿದ್ದಾಗ ಟಿವಿ ಕ್ಯಾಮೆರಾದಲ್ಲಿ ಒಂದು ಪುಟ ಸೆರೆಯಾಯಿತು. ಸೋರಿದ ಅಂಕಿಯನ್ನು ಸುಳ್ಳಾಗಿಸಲು ಆತ ವೆಚ್ಚಕ್ಕೆ 20 ಕೋಟಿ ಡಾಲರ್ ಸೇರಿಸಿದ! ಗೋಪ್ಯದ ಗೋಡೆ ಹೀಗಿದ್ದಾಗ ಬೀದಿಯ ಮಾತು ಒಳಹೋಗುವುದೆಲ್ಲಿಂದ? ಸರಕು ಮತ್ತು ಸೇವಾ ತೆರಿಗೆಯ ಹೊತ್ತಿಗೆ ಗೋಡೆ ಕೊಂಚ ಬಿರುಕುಬಿಟ್ಟಿತ್ತು. 1989ರಲ್ಲಿ ಶೇ 9 ಎಂದು ಪ್ರಸ್ತಾವವಾದ ದರ, ಸಂಸತ್ ಸಮಿತಿಯ ವಿಚಾರಣೆಯ ಬಳಿಕ ಶೇ 7ಕ್ಕಿಳಿದು 1991ರ ಜನವರಿ 1ರಿಂದ ಜಾರಿಯಾಯಿತು. ದರ ಇಳಿದರೂ ಸಿಟ್ಟು ಇಳಿಯಲಿಲ್ಲ. 1993ರಲ್ಲಿ ಆಳುವ ಕನ್ಸರ್ವೇಟಿವ್ ಪಕ್ಷ ಎರಡೇ ಸ್ಥಾನಕ್ಕೆ ಕುಸಿಯಿತು. ಮರುವರ್ಷವೇ ಕೆಳಮನೆಯ ನಿಯಮಾವಳಿ ಬದಲಾಗಿ, ಹಣಕಾಸು ಸಮಿತಿ ಬಜೆಟ್‌ಗೆ ಮುಂಚೆ ಜನರಿಂದ ಸಲಹೆ ಪಡೆದು ವರದಿ ಕೊಡುವ ಪದ್ಧತಿ ಶುರುವಾಯಿತು. ಈಗಲೂ ನಡೆಯುತ್ತಿದೆ.

ಹೆಚ್ಚಿನವರ ಗಮನಕ್ಕೆ ಬಾರದ ಬದಲಾವಣೆ ಗೆಜೆಟ್ಟಿನಲ್ಲಾಯಿತು. 1986ರ ಸುಧಾರಣೆಯ ನಂತರ ಕರಡು ನಿಯಮಗಳನ್ನು ಕೆನಡಾ ಗೆಜೆಟ್‌ನ ಮೊದಲ ಭಾಗದಲ್ಲಿ ಮುಂಚಿತವಾಗಿ ಪ್ರಕಟಿಸುವುದು ಸರ್ಕಾರದ ನೀತಿಯಾಯಿತು. ಸಾಮಾನ್ಯವಾಗಿ 30 ದಿನ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಗಲುವಂಥದ್ದಾದರೆ ಅದಕ್ಕಿಂತ ಹೆಚ್ಚು ಕಾಲ ಆಕ್ಷೇಪಣೆಗೆ ಅವಕಾಶ. ಶನಿವಾರ ಬರುವ ಈ ಭಾಗದಲ್ಲಿ ಪ್ರತಿ ಕರಡಿನ ಜೊತೆ ಒಂದು ಪರಿಣಾಮ ವಿವರಣೆಯೂ ಇರುತ್ತದೆ: ಸಮಸ್ಯೆ ಏನು, ಯಾರಿಗೆ ಎಷ್ಟು ಖರ್ಚು, ಯಾರಿಗೆ ಲಾಭ, ಈವರೆಗೆ ಯಾರನ್ನು ಕೇಳಲಾಗಿದೆ. 2012ರಲ್ಲಿ ಬಂದ ಇನ್ನೊಂದು ನಿಯಮದಂತೆ, ಉದ್ದಿಮೆಗೆ ಹೊಸ ಕಾಗದಪತ್ರದ ಹೊರೆ ಹೊರಿಸಿದರೆ ಅಷ್ಟೇ ಹಳೆಯ ಹೊರೆ ಇಳಿಸಬೇಕು; 2015ರಲ್ಲಿ ಇದು ಕಾನೂನೇ ಆಯಿತು. ಇಂಥ ವಿವರಣೆಯನ್ನು ಪೂರ್ತಿ ಓದುವವರು ಉದ್ದಿಮೆಗಳ ಸಂಘದಲ್ಲಿ ಸಂಬಳಕ್ಕಿರುವವರೇ ಹೊರತು ಕಿರಾಣಿ ಕೊಳ್ಳುವ ಮನೆಯವರಲ್ಲ.

ಆಹಾರದ ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಇರಬೇಕೆಂಬ ಕರಡು 2018ರ ಫೆಬ್ರುವರಿಯಲ್ಲಿ ಗೆಜೆಟ್ ಸೇರಿತು. ಇಡೀ ಮಾಂಸದ ತುಂಡಿಗೆ ವಿನಾಯಿತಿಯಿತ್ತು, ದನದ ಮಾಂಸದ ಕೈಮಾಕ್ಕೆ ಇರಲಿಲ್ಲ. ಆಕ್ಷೇಪಣೆಯ ಗಡುವು ಮುಗಿದು ನಾಲ್ಕು ವರ್ಷವಾದ ಮೇಲೆ, 2022ರ ಬೇಸಿಗೆಯ ಹೊತ್ತಿಗೆ, ದನ ಸಾಕಣೆದಾರರೂ ಪಶ್ಚಿಮದ ರಾಜಕಾರಣಿಗಳೂ ಹುಯಿಲೆಬ್ಬಿಸಿದರು. ಜೂನ್ ಕೊನೆಗೆ ಕೈಮಾಕ್ಕೂ ವಿನಾಯಿತಿ ಸಿಕ್ಕಿತು, ಜುಲೈನಲ್ಲಿ ಅಂತಿಮ ನಿಯಮ ಹೊರಬಂತು. ಕೂಗಲು ಶಕ್ತಿಯಿದ್ದವರಿಗೆ ಗಡುವು ಬಾಧಿಸುವುದಿಲ್ಲ.

2017ರ ಜುಲೈನಲ್ಲಿ ಹಣಕಾಸು ಮಂತ್ರಿ ಬಿಲ್ ಮಾರ್ನೋ, ಖಾಸಗಿ ಕಂಪನಿ ಮಾಡಿಕೊಂಡು ತೆರಿಗೆ ಉಳಿಸುವವರ ದಾರಿ ಮುಚ್ಚಲು ಪ್ರಸ್ತಾವ ಹೊರಡಿಸಿ 75 ದಿನ ಕೊಟ್ಟಾಗ 1969 ಮರುಕಳಿಸಿತು. ರೈತರು ಕೊಯ್ಲಿನಲ್ಲಿರುವ, ಉಳಿದವರು ರಜೆಯಲ್ಲಿರುವ ಕಾಲ ನೋಡಿ ಕೇಳಿದ್ದೇಕೆ ಎಂಬ ಆಕ್ಷೇಪವೇ ಮೊದಲು ಬಂತು. ವೈದ್ಯರು, ರೈತರು, ಅಂಗಡಿಕಾರರಿಂದ ಬಂದ ಬರಹಗಳು 21,000 ದಾಟಿದವು. ಅಕ್ಟೋಬರ್‌ನಲ್ಲಿ ಸರ್ಕಾರ ಹಲವು ಅಂಶಗಳನ್ನು ಕೈಬಿಟ್ಟು, ಸಣ್ಣ ಉದ್ದಿಮೆಗಳ ತೆರಿಗೆಯನ್ನು ಶೇ 9ಕ್ಕಿಳಿಸುವ ಮಾತು ಕೊಟ್ಟಿತು. 2024ರ ಬಜೆಟ್ ದೊಡ್ಡ ಮೊತ್ತದ ಬಂಡವಾಳ ಲಾಭದ ಮೂರನೇ ಎರಡು ಪಾಲಿಗೆ ತೆರಿಗೆ ಎಂದಿತು. 2025ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಅದನ್ನು ರದ್ದುಮಾಡಿದರು. ನಡುವೆ ಏರಿಳಿದರೂ ಕಾರ್ಟರ್‌ನ ಪೂರ್ತಿ ಡಾಲರ್ ಇನ್ನೂ ಅರ್ಧದಲ್ಲೇ ನಿಂತಿದೆ.

ಇಷ್ಟರಲ್ಲಿ ಒಂದು ವರ್ಗದ ಜನರ ಮಟ್ಟಿಗೆ ಕೇಳುವುದು ಸರ್ಕಾರದ ಸೌಜನ್ಯವಾಗಿ ಉಳಿಯದೆ ಸಂವಿಧಾನದ ಕರ್ತವ್ಯವಾಯಿತು. ಮೂಲನಿವಾಸಿಗಳ ಹಕ್ಕಿಗೆ ಧಕ್ಕೆ ತರಬಹುದಾದ ನಿರ್ಧಾರಕ್ಕೆ ಮೊದಲು ಅವರೊಂದಿಗೆ ಸಮಾಲೋಚಿಸಬೇಕೆಂದು 2004ರ ಹೈಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರ ಆಗಸ್ಟ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಟ್ರಾನ್ಸ್ ಮೌಂಟನ್ ತೈಲ ಕೊಳವೆಯ ಅನುಮತಿಯನ್ನೇ ರದ್ದುಪಡಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು, ಸರ್ಕಾರದ ಪ್ರತಿನಿಧಿಗಳು ಹೇಳಿದ್ದನ್ನು ಬರೆದುಕೊಂಡು ಮೇಲಕ್ಕೆ ಕಳಿಸಿದರೇ ಹೊರತು ಉತ್ತರಿಸಲಿಲ್ಲ ಎಂಬುದು. ಮತ್ತೆ ಸಮಾಲೋಚನೆ ನಡೆಯಿತು, 2019ರಲ್ಲಿ ಮತ್ತೆ ಅನುಮತಿ ಸಿಕ್ಕಿತು, 2024ರ ಮೇ ತಿಂಗಳಲ್ಲಿ ತೈಲ ಹರಿಯಿತು. ಕೇಳಿಸಿಕೊಳ್ಳಬೇಕೆಂದರೆ ಒಪ್ಪಲೇಬೇಕೆಂದೇನೂ ಅಲ್ಲ ಎಂಬುದನ್ನೂ ನ್ಯಾಯಾಲಯಗಳು ಸ್ಪಷ್ಟಪಡಿಸಿವೆ.

2025ರ ಜೂನ್‌ನಲ್ಲಿ, ಅಮೆರಿಕದ ಸುಂಕಗಳ ಒತ್ತಡದ ನಡುವೆ, ದೊಡ್ಡ ಕಾಮಗಾರಿಗಳಿಗೆ ಬೇಗ ಅನುಮತಿ ಕೊಡುವ ಮಸೂದೆ ಮಂಡನೆಯಾಗಿ ಮೂರು ವಾರದೊಳಗೆ, ಜೂನ್ 26ಕ್ಕೆ, ಕಾನೂನಾಯಿತು. ಮೂಲನಿವಾಸಿ ಮುಖಂಡರು ತಮ್ಮನ್ನು ಕೇಳಲಿಲ್ಲವೆಂದು ದೂರಿದರು. ಪ್ರಧಾನಿ ಅವರನ್ನು ಸಭೆಗೆ ಕರೆದರು. ಗಾಟಿನೋ ಪಟ್ಟಣದ ಚರಿತ್ರೆಯ ಮ್ಯೂಸಿಯಂನಲ್ಲಿ ನಡೆದ ಆ ಸಭೆಯ ದಿನಾಂಕ ಜುಲೈ 17.