ಕರಾರಿನಲ್ಲಿ ಹುಟ್ಟಿದ ಜನ: ಸೋದೆಯ ಅರಸನಿಂದ ಮತಪೆಟ್ಟಿಗೆಯವರೆಗೆ ಫೋಂಡಾ

1791ರಲ್ಲಿ ಫ್ರಾನ್ಸಿನ ಹೊಸ ಸಂವಿಧಾನ ಸಾರ್ವಭೌಮಾಧಿಕಾರವನ್ನು ಅರಸನ ಕೈಯಿಂದ ತೆಗೆದು ರಾಷ್ಟ್ರದ ಹೆಸರಿಗೆ ಬರೆಯಿತು. ಅದೇ ವರ್ಷ ಸೋದೆಯ ಅರಸು ಮನೆತನ ಇಂದಿನ ಗೋವೆಯ ಫೋಂಡಾ, ಸಾಂಗೆ, ಕೇಪೆ, ಕಾಣಕೋಣ ಸೀಮೆಗಳನ್ನು ಒಪ್ಪಂದದ ಮೂಲಕ ಪೋರ್ಚುಗೀಸರಿಗೆ ಬಿಟ್ಟುಕೊಟ್ಟಿತು. ಆ ಸೀಮೆಗಳ ಒಕ್ಕಲುಗಳನ್ನಾಗಲಿ, ಅಡಿಕೆ ತೋಟದವರನ್ನಾಗಲಿ, ದೇವಸ್ಥಾನಗಳ ಮೇಲೆ ವಂಶಪಾರಂಪರ್ಯ ಹಕ್ಕುಳ್ಳ ಮಹಾಜನರನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂಬ ಕಲ್ಪನೆಯೇ ಆಗ ಅಲ್ಲಿರಲಿಲ್ಲ. 176 ವರ್ಷಗಳ ನಂತರ, 1967ರ ಜನವರಿ 16ರಂದು, ಅದೇ ಸೀಮೆಯ ಜನ ಸಾಲುಗಟ್ಟಿ ನಿಂತು ತಾವು ಯಾವ ರಾಜ್ಯಕ್ಕೆ ಸೇರಿದವರು ಎಂಬ ಪ್ರಶ್ನೆಗೆ ಮತ ಹಾಕಿದರು. ಕೇಳದೆ ಹಸ್ತಾಂತರವಾದ ಪ್ರಜೆಗಳು ಕೇಳಿಸಿಕೊಳ್ಳುವ ಜನರಾದದ್ದು ಹೇಗೆ? ಪ್ರಾಚೀನ ಕಾಲದಿಂದ ಮಲಗಿದ್ದ ರಾಷ್ಟ್ರಪ್ರಜ್ಞೆಯೊಂದು ಎಚ್ಚತ್ತಿತು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಫೋಂಡಾದ ಇತಿಹಾಸ ಬೇರೆಯದನ್ನೇ ಹೇಳುತ್ತದೆ ಎಂಬುದು ನನ್ನ ವಾದ. ಅಲ್ಲಿಯ ಸಾಮೂಹಿಕ ಗುರುತನ್ನು ಬಹುಮಟ್ಟಿಗೆ ಕಟ್ಟಿದ್ದು ಕರಾರು, ಕಾನೂನು ಮತ್ತು ದಾಖಲೆ ಪುಸ್ತಕ. ಅದನ್ನು ಕಟ್ಟಿದ ಸರ್ಕಾರಕ್ಕೆ ತಾನು ಏನು ಕಟ್ಟುತ್ತಿದ್ದೇನೆ ಎಂಬ ಅರಿವಿರಲಿಲ್ಲ.

ಫೋಂಡಾ ಅದಕ್ಕೂ ಮೊದಲು ಅನೇಕ ಒಡೆಯರನ್ನು ಕಂಡಿತ್ತು. ಗೋವೆಯ ಕದಂಬರ ನಂತರ ವಿಜಯನಗರದ ಆಳ್ವಿಕೆ ಇಲ್ಲಿಗೆ ತಲುಪಿತ್ತು. ದೇವರಾಯನ ಕಾಲದಲ್ಲಿ, 1413ರಲ್ಲಿ, ಬಾಂದೋಡೆಯ ನಾಗೇಶ ಮತ್ತು ಮಹಾಲಕ್ಷ್ಮಿ ದೇವಸ್ಥಾನಗಳಿಗೆ ಭೂಮಿ ಬಿಟ್ಟದ್ದನ್ನು ಹೇಳುವ ಶಾಸನ ನಾಗೇಶಿಯಲ್ಲಿದೆ. ಮುಂದೆ ಸೀಮೆ ಬಿಜಾಪುರದ ಆದಿಲ್‌ಶಾಹಿಗಳದಾಯಿತು. 1675ರಲ್ಲಿ ಶಿವಾಜಿ ಫೋಂಡಾ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. 1683ರಲ್ಲಿ ಪೋರ್ಚುಗೀಸ್ ವೈಸರಾಯ್ ಕೊಂದೆ ದ ಆಲ್ವೊರ್ ಅದೇ ಕೋಟೆಯ ಮೇಲೆ ಏರಿಹೋಗಿ, ಸಂಭಾಜಿಯ ಪಡೆ ಬಂದೊಡನೆ ಹಿಂದೆ ಸರಿದ. ಆಮೇಲೆ ಸೀಮೆ ಸೋದೆಯವರ ಕೈಸೇರಿತು. ಶಿರಸಿಯ ಕಾಡಿನ ನಡುವಿನ ಈ ಕನ್ನಡದ ಅರಸೊತ್ತಿಗೆ ಘಟ್ಟದ ಮೇಲಿನ ಮೆಣಸು, ಅಡಿಕೆಗಳನ್ನೂ ಘಟ್ಟದ ಕೆಳಗಿನ ರೇವುಗಳನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡಿತ್ತು. ಬಿದನೂರನ್ನು ಗೆದ್ದ ಹೈದರಲಿಯ ಸೇನೆ ಸೋದೆಗೂ ನುಗ್ಗಿದಾಗ ಅರಸ ಸವಾಯಿ ಇಮ್ಮಡಿ ಸದಾಶಿವ ಗೋವೆಗೆ ಓಡಿಬಂದು ಪೋರ್ಚುಗೀಸರ ಆಶ್ರಯ ಪಡೆದ. ಅವನ ವಂಶ ಬಾಂದೋಡೆಯಲ್ಲಿ ನೆಲೆಸಿತು. ಇಷ್ಟು ಒಡೆಯರು ಬದಲಾದರೂ ಯಾವ ಬದಲಾವಣೆಯೂ ಫೋಂಡಾದ ರೈತನನ್ನು ಕನ್ನಡಿಗನನ್ನಾಗಿಯೋ ಮರಾಠನನ್ನಾಗಿಯೋ ಮಾಡಲಿಲ್ಲ. ತೆರಿಗೆ ಹೋಗುವ ದಿಕ್ಕು ಮಾತ್ರ ಬದಲಾಗುತ್ತಿತ್ತು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಕ್ಯಾಥೊಲಿಕ್ ಧರ್ಮವಿಚಾರಣೆಯ ನ್ಯಾಯಪೀಠ ಕೂತ ಆಸುಪಾಸಿನಲ್ಲೇ ದೇವರು ಮಂಗೇಶ ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಬಂದ. ಶಾಂತಾದುರ್ಗೆ ಕೆಳೋಶಿಯಿಂದ ಕವಳೆಗೆ, ಮಹಾಲಸೆ ವೆರ್ಣದಿಂದ ಮಾರ್ದೋಳಕ್ಕೆ, ರಾಮನಾಥ ಲೊಟಲಿಯಿಂದ ಬಾಂದೋಡೆಗೆ ಬಂದರು. ಜುವಾರಿ ನದಿಯ ಆಚೆ ದಡದಲ್ಲಿ ಗುಡಿ ಉರುಳುತ್ತಿದ್ದಾಗ ದೇವರನ್ನು ಹೊತ್ತು ಈಚೆ ದಡಕ್ಕೆ ತಂದವರಿಗೆ ತಾವು ಯಾರೆಂಬುದು ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು, ಆ ಧೈರ್ಯವನ್ನು ಕಿರಿದು ಮಾಡುವ ಯಾವ ವಾದವನ್ನೂ ನಾನು ಒಪ್ಪಲಾರೆ. ಆದರೆ ಅವರು ತಲುಪಿದ ದಡ ಯಾರದಾಗಿತ್ತು? ಅದು ಬಿಜಾಪುರದ ಸುಲ್ತಾನನ ನೆಲ. ಹಾಗೆ ಬಂದ ದೇವರುಗಳು ನೆಲೆಗೊಳ್ಳುತ್ತಿದ್ದ ಕಾಲದಲ್ಲೇ ಫೋಂಡಾ ಪೇಟೆಯ ಪಕ್ಕ ಸಾಫಾ ಮಸೀದಿಯೂ ಎದ್ದಿತು. ಓಡಿಬಂದವರು ಹೊತ್ತು ತಂದದ್ದು ತಮ್ಮ ಊರಿನ ದೇವರನ್ನು, ತಮ್ಮ ಕುಲದ ಹಕ್ಕುಗಳನ್ನು. ಕುಶಸ್ಥಳಿಯ ಮಹಾಜನ ಪ್ರಿಯೋಳದಲ್ಲೂ ಕುಶಸ್ಥಳಿಯ ಮಹಾಜನನಾಗಿಯೇ ಉಳಿದ. ಇಂದಿಗೂ ಕಾರವಾರ, ಕುಮಟೆ, ಮಂಗಳೂರಿನ ಸಾರಸ್ವತ ಮನೆಗಳು ಕವಳೆಗೋ ಮಂಗೇಶಿಗೋ ಹರಕೆ ಒಪ್ಪಿಸಲು ಹೋಗುವುದು ಆ ಕುಲದ ನಂಟಿನಿಂದಲೇ. ನಂಬಿಕೆಯ ಗಾಢತೆ ಒಂದು. ಭಿನ್ನ ಜಾತಿಯ, ಭಿನ್ನ ಊರಿನ ಜನ ತಾವೆಲ್ಲ ಒಂದೇ ರಾಜಕೀಯ ಸಮುದಾಯ ಎಂದುಕೊಳ್ಳುವುದು ಇನ್ನೊಂದು. ಮೊದಲನೆಯದು 16ನೇ ಶತಮಾನದಲ್ಲಿತ್ತು. ಎರಡನೆಯದರ ಸುಳಿವು ಆಗ ಕಾಣುವುದಿಲ್ಲ.

ಎರಡನೆಯದಕ್ಕೆ ನೆಲ ಹದವಾದದ್ದು 1763ರ ನಂತರ, 1791ರ ಒಪ್ಪಂದಕ್ಕೂ ಮೊದಲೇ ಫೋಂಡಾ ಪೋರ್ಚುಗೀಸರ ಹಿಡಿತಕ್ಕೆ ಬಂದಾಗ. ಆಗ ಪೋರ್ಚುಗೀಸರು ಇನ್ನೂರು ವರ್ಷ ಹಿಂದಿನ ಸರ್ಕಾರವಾಗಿ ಉಳಿದಿರಲಿಲ್ಲ. ವೈಸರಾಯ್ ಕೊಂದೆ ದ ಎಗಾ ಹೊಸ ಪ್ರಜೆಗಳ ದೇವಸ್ಥಾನ, ಆಚಾರಗಳನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟ. ತಿಸವಾಡಿ, ಬಾರ್ದೇಶ, ಸಾಸಷ್ಟಿ ಎಂಬ ಹಳೆಯ ಪ್ರಾಂತ್ಯಗಳಿಗೆ ಇಲ್ಲದಿದ್ದ ಈ ಭರವಸೆ ‘ನೋವಾಸ್ ಕೊಂಕಿಸ್ತಾಸ್’ ಎನಿಸಿಕೊಂಡ ಹೊಸ ಪ್ರಾಂತ್ಯಗಳಿಗೆ ಸಿಕ್ಕಿತು. ಆದರೆ ರೂಢಿಯನ್ನು ಕಾಪಾಡಬೇಕಾದರೆ ಸರ್ಕಾರಕ್ಕೆ ಆ ರೂಢಿ ಏನೆಂದು ತಿಳಿಯಬೇಕು, ತಿಳಿದದ್ದನ್ನು ಬರೆದಿಡಬೇಕು. 1824ರಲ್ಲಿ ಹೊಸ ಪ್ರಾಂತ್ಯಗಳ ರೂಢಿಗಳ ಸಂಹಿತೆ ಬಂತು. 1880ರಲ್ಲಿ ಗೋವೆಯ ಹಿಂದೂಗಳ ಆಚಾರಗಳ ಕುರಿತ ಶಾಸನ ಬಂತು. 1886ರ ನಿಯಮಾವಳಿ ದೇವಸ್ಥಾನದ ಮಹಾಜನ ಕೂಟಗಳನ್ನೇ ಕಾನೂನಿನ ಸಂಸ್ಥೆಗಳನ್ನಾಗಿಸಿತು. ಯಾರು ಮಹಾಜನ, ಯಾರು ಅಲ್ಲ, ಪಲ್ಲಕ್ಕಿಗೆ ಹೆಗಲು ಕೊಡುವ ಹಕ್ಕು ಯಾರದು, ಪ್ರಸಾದ ಮೊದಲು ಯಾರಿಗೆ ಎಂಬ ಪ್ರಶ್ನೆಗಳು ಹಿರಿಯರ ನೆನಪಿನಿಂದ ಕಚೇರಿಯ ಕಾಗದಕ್ಕೆ ಇಳಿದವು. ನೆನಪಿನಲ್ಲಿದ್ದಾಗ ಹಕ್ಕಿಗೆ ಒಂದಿಷ್ಟು ಬಳುಕಿತ್ತು. ಕಾಗದಕ್ಕೆ ಬಿದ್ದ ಮೇಲೆ ಒಳಗಿನವರು ಶಾಶ್ವತವಾಗಿ ಒಳಗೆ, ಹೊರಗಿನವರು ಶಾಶ್ವತವಾಗಿ ಹೊರಗೆ. ಹೊಸ ಪ್ರಾಂತ್ಯದ ಹಿಂದೂ ಎಂಬ ಒಂದು ಕಾನೂನಿನ ವರ್ಗ ಹುಟ್ಟಿದ್ದೂ, ಅದರೊಳಗೆ ಮೇಲು ಕೀಳುಗಳ ಗೆರೆ ಹಿಂದೆಂದಿಗಿಂತ ಗಟ್ಟಿಯಾದದ್ದೂ ಒಂದೇ ಲೇಖನಿಯಿಂದ.

ರಾಣೆಯರ ದಂಗೆಗಳನ್ನು ಮರೆತು ಹೀಗೆ ಹೇಳಬಹುದೇ ಎಂದು ಕೇಳುವವರಿದ್ದಾರೆ. ಸತ್ತರಿಯಲ್ಲಿ 1852ರಲ್ಲಿ ದೀಪಾಜಿ ರಾಣೆ ಎದ್ದ, 1895ರಲ್ಲಿ ದಾದಾ ರಾಣೆ ಎದ್ದ; ಅದಕ್ಕೂ ಮೊದಲು, 1787ರಲ್ಲಿ, ಕಾಂದೋಳಿಯ ಪಿಂಟೊ ಮನೆತನದ ಸುತ್ತ ಸ್ಥಳೀಯ ಪಾದ್ರಿಗಳ ಪಿತೂರಿ ಬಯಲಾಯಿತು. ಇವರ ಸಿಟ್ಟು ನಿಜ, ಕೆಚ್ಚು ನಿಜ. ಆದರೆ ರಾಣೆಯರು ಕೇಳಿದ್ದು ತಮ್ಮ ವಂಶದ ಹಕ್ಕುಗಳ ಮರುಸ್ಥಾಪನೆಯನ್ನು, ಪಾದ್ರಿಗಳು ನೊಂದದ್ದು ತಮಗೆ ತಪ್ಪಿದ ದೊಡ್ಡ ಹುದ್ದೆಗಳಿಗಾಗಿ. ಅರಸನ ವಿರುದ್ಧ ತನ್ನ ಹಕ್ಕಿಗಾಗಿ ಹೋರಾಡುವವನು ಬಂಡುಕೋರ. ಹಕ್ಕು ಎಲ್ಲರಿಗೂ ಸಮ ಎನ್ನುವವನಿಂದ ಕ್ರಾಂತಿ ಶುರುವಾಗುತ್ತದೆ. ಫೋಂಡಾಕ್ಕೆ ಆ ಎರಡನೆಯ ಮಾತು ಮೊದಲು ಕೇಳಿಸಿದ್ದು ಲಿಸ್ಬನ್ನಿನಿಂದಲೇ. 1910ರಲ್ಲಿ ಅಲ್ಲಿ ರಾಜಪ್ರಭುತ್ವ ಬಿದ್ದು ಗಣರಾಜ್ಯ ಬಂತು, ಕ್ಯಾಥೊಲಿಕ್ ಧರ್ಮ ರಾಜ್ಯಧರ್ಮವಾಗಿ ಉಳಿಯಲಿಲ್ಲ, ಹಿಂದೂಗಳಿಗೆ ಸಮಾನ ಪೌರತ್ವ ದೊರೆಯಿತು. ಗಣರಾಜ್ಯದ ಮೊದಲ ವರ್ಷಗಳಲ್ಲಿ ವೈದ್ಯ ದಾದಾ ವೈದ್ಯರು ಫೋಂಡಾದಲ್ಲಿ ತೆರೆದ ಶಾಲೆಗೆ ಪೋರ್ಚುಗೀಸ್ ಗಣರಾಜ್ಯವಾದಿ ನಾಯಕ ಅಲ್ಮೇದಾನ ಹೆಸರಿಟ್ಟದ್ದು ಆ ಗಳಿಗೆಯ ಆಸೆಯನ್ನು ಹೇಳುತ್ತದೆ. ಮುಂದೆ ಪೋರ್ಚುಗಲ್‌ನಲ್ಲಿ ಸಲಾಜಾರನ ಸರ್ವಾಧಿಕಾರ ಆ ಆಸೆಯನ್ನು ಮುರಿಯಿತು. ಅದು ಮುರಿದ ಮೇಲೆ ಸಮಾನತೆಗೆ ಬೇರೆ ದಾರಿ ಹುಡುಕಬೇಕಾಯಿತು, ಮತ್ತು ಆ ದಾರಿ ಭಾರತದ ಕಡೆಗಿತ್ತು. 1946ರ ಜೂನ್ 18ರಂದು ಭಾರತದ ಸಮಾಜವಾದಿ ನಾಯಕ ಲೋಹಿಯಾ ಮಡಗಾಂವದಲ್ಲಿ ಸಾರ್ವಜನಿಕ ಸಭೆಗಳ ಮೇಲಿನ ನಿಷೇಧ ಮುರಿದರು. ಸಾಂಗ್ಲಿ ಕಡೆಯ ಮೋಹನ್ ರಾನಡೆ ಫೋಂಡಾ ತಾಲ್ಲೂಕಿನ ಸಾವಯಿ ವೆರೆಂಗೆ ಬಂದು ಮರಾಠಿ ಕಲಿಸುತ್ತ ಪೋರ್ಚುಗೀಸರ ವಿರುದ್ಧದ ಸಶಸ್ತ್ರ ಸಂಘಟನೆ ಆಜಾದ್ ಗೋಮಂತಕ ದಳದಲ್ಲಿ ದುಡಿದರು; 1955ರಲ್ಲಿ ಗುಂಡೇಟು ತಿಂದು ಸೆರೆಯಾದವರು ಬಿಡುಗಡೆಯಾದದ್ದು ಗೋವೆ ವಿಮೋಚನೆಯಾಗಿ ಏಳು ವರ್ಷ ಕಳೆದ ಮೇಲೆ, 1969ರಲ್ಲಿ. ಆ ಮನುಷ್ಯ ತೆತ್ತ ಬೆಲೆಯನ್ನು ನಾವು ಸಾಕಷ್ಟು ನೆನೆದಿಲ್ಲ.

1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಉಸಗಾಂವ್ ಮಾರ್ಗವಾಗಿ ಫೋಂಡಾ ತಲುಪಿದಾಗ ಸರ್ಕಾರ ಬದಲಾಯಿತು. ಆದರೆ ಒಳಗಿನ ಕ್ರಾಂತಿ ನಡೆದದ್ದು ಎರಡು ವರ್ಷ ತಡೆದು, ಮೊದಲ ಚುನಾವಣೆಯಲ್ಲಿ. ಅದನ್ನು ತಿಳಿಯಲು ಮತ್ತೆ ದೇವಸ್ಥಾನದ ಅಂಗಳಕ್ಕೇ ಹೋಗಬೇಕು. ಅಲ್ಲಿ ಪೀಳಿಗೆಗಳಿಂದ ಹಾಡಿ ಕುಣಿದು ಸೇವೆ ಸಲ್ಲಿಸಿದ ಕಲಾವಂತ ಕುಟುಂಬಗಳಿದ್ದವು. ಕೇರಿ ಎಂಬ ಊರಿನಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್, ಮಂಗೇಶಿಯಲ್ಲಿ ಹುಟ್ಟಿದ ದೀನಾನಾಥ ಮಂಗೇಶ್ಕರ್ ಈ ಅಂಗಳಗಳ ಮಕ್ಕಳು. ಹಿಂದೂಸ್ತಾನಿ ಸಂಗೀತಕ್ಕೆ ಇಷ್ಟು ಕೊಟ್ಟವರ ಹೆಸರು ಮಹಾಜನರ ಪಟ್ಟಿಯಲ್ಲಿ ಬರುವಂತಿರಲಿಲ್ಲ. 20ನೇ ಶತಮಾನದಲ್ಲಿ ಈ ಜನ ಹೊರಗಿನವರು ಅಂಟಿಸಿದ್ದ ಹೆಸರುಗಳನ್ನು ಕಳಚಿ ಗೋಮಂತಕ ಮರಾಠಾ ಸಮಾಜ ಎಂದು ತಮ್ಮನ್ನು ತಾವು ಕರೆದುಕೊಂಡರು. ಫೋಂಡಾದ ಚರಿತ್ರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಘಟನೆ ಇದು: ಒಂದು ಸಮುದಾಯ ತನ್ನ ಗುರುತನ್ನು ತಾನೇ ಬರೆದುಕೊಂಡಿತು. ಆ ಸಮಾಜದಿಂದಲೇ ಬಂದ ದಯಾನಂದ ಬಾಂದೋಡ್ಕರ್ 1963ರಲ್ಲಿ ಗೋವೆಯ ಮೊದಲ ಮುಖ್ಯಮಂತ್ರಿಯಾದರು. ಅವರು ಶಾಸಕರಾಗಿ ಗೆದ್ದುಬಂದದ್ದು ಫೋಂಡಾ ತಾಲ್ಲೂಕಿನ ಮಡ್ಕಯಿಯಿಂದ. 1964ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಬಂತು. ಹಳ್ಳಿಹಳ್ಳಿಗೆ ಮರಾಠಿ ಶಾಲೆ ಬಂತು.

1967ರ ಜನಮತವನ್ನು ಓದಬೇಕಾದದ್ದು ಈ ಹಿನ್ನೆಲೆಯಲ್ಲಿ. ಕೇಂದ್ರಾಡಳಿತವಾಗಿ ಪ್ರತ್ಯೇಕ ಉಳಿಯಲು 1,72,191 ಮತ, ಮಹಾರಾಷ್ಟ್ರದಲ್ಲಿ ವಿಲೀನಕ್ಕೆ 1,38,170 ಮತ. ಹಳೆಯ ಪ್ರಾಂತ್ಯಗಳು ಪ್ರತ್ಯೇಕತೆಯ ಕಡೆಗೆ ವಾಲಿದರೆ ಫೋಂಡಾ ಸೇರಿದಂತೆ ಹೊಸ ಪ್ರಾಂತ್ಯಗಳ ಒಲವು ವಿಲೀನದ ಕಡೆಗಿತ್ತು. ಮನೆಯಲ್ಲಿ ಕೊಂಕಣಿ ಆಡುವ ಜನ ಮರಾಠಿ ರಾಜ್ಯಕ್ಕೆ ಮತ ಹಾಕಿದ್ದು ಆತ್ಮವಂಚನೆ ಎಂದು ಕೊಂಕಣಿ ಪಕ್ಷದ ಕೆಲವರು ಬೇಸರಪಟ್ಟರು. ನನಗೆ ಆ ತೀರ್ಪು ಅನ್ಯಾಯವೆನಿಸುತ್ತದೆ. ರಾಷ್ಟ್ರವೆಂಬುದು ಪ್ರತಿದಿನ ನಡೆಯುವ ಜನಮತ ಎಂಬರ್ಥದ ಮಾತನ್ನು ಫ್ರೆಂಚ್ ವಿದ್ವಾಂಸ ರೆನಾನ್ 1882ರಲ್ಲಿ ರೂಪಕವಾಗಿ ಆಡಿದ್ದ; ಗೋವೆಯಲ್ಲಿ ಅದು ಅಕ್ಷರಶಃ ನಡೆಯಿತು. ಫೋಂಡಾದ ಗೇಣಿದಾರನ ಪಾಲಿಗೆ ಮರಾಠಿ ಎಂದರೆ ಶಾಲೆ, ಭಜನೆ, ಪತ್ರಿಕೆ, ತನ್ನ ಮಗನಿಗೆ ಸಿಗಬಹುದಾದ ನೌಕರಿ. ಪ್ರತ್ಯೇಕ ಗೋವೆ ಎಂದರೆ ಭಾಟ್ಕಾರನ, ಅಂದರೆ ಜಮೀನುದಾರನ, ಯಜಮಾನಿಕೆಯೇ ಮುಂದುವರಿದೀತು ಎಂಬ ಭಯ. ಅವನು ಭೂಮಿಯ ಹಾಗೂ ಮರ್ಯಾದೆಯ ಪ್ರಶ್ನೆಗೆ ಉತ್ತರ ಕೊಟ್ಟ, ಮತಪತ್ರದ ಮೇಲೆ ಇದ್ದದ್ದು ರಾಜ್ಯದ ಪ್ರಶ್ನೆ.

ಸೋತ ಪಕ್ಷದ ಜನ ಆಮೇಲೆ ಗೋವೆಯನ್ನು ಬಿಟ್ಟುಹೋಗಲಿಲ್ಲ, ಭಾರತವನ್ನೂ ದೂರಲಿಲ್ಲ. 1987ರ ರಾಜಭಾಷಾ ಕಾಯ್ದೆ ಕೊಂಕಣಿಯನ್ನು ಅಧಿಕೃತ ಭಾಷೆ ಮಾಡಿ, ಸರ್ಕಾರಿ ಕೆಲಸಗಳಿಗೆ ಮರಾಠಿಯ ಬಳಕೆಗೂ ಅವಕಾಶ ಇಟ್ಟಿತು. ಅದೇ ವರ್ಷದ ಮೇ 30ರಂದು ಗೋವೆ ರಾಜ್ಯವಾಯಿತು. ಆದರೆ ದೇವಸ್ಥಾನದೊಳಗಿನ ಕಾಗದ ಬದಲಾಗಲಿಲ್ಲ. 1886ರ ನಿಯಮಾವಳಿಯ ಜಾಗಕ್ಕೆ 1933ರಲ್ಲಿ ಪೋರ್ಚುಗೀಸರು ತಂದ ದೇವಸ್ಥಾನ ನಿಯಮಾವಳಿ ಇಂದಿಗೂ ಜಾರಿಯಲ್ಲಿದೆ. ಯಾರು ಮಹಾಜನ ಎಂಬ ತಕರಾರು ಎದ್ದಾಗ ಫೋಂಡಾದ ಮಾಮಲೇದಾರ ಕಚೇರಿಯಲ್ಲಿ ಈಗಲೂ ತೆರೆಯುವುದು ಅದನ್ನೇ.