ಒಂದು ಸಹಿಯ ಹಿಂದಿನ ಇತಿಹಾಸ

ಋಷಿಕೊಂಡದ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾನು, ಕಳೆದ ಜೂನ್‌ನಲ್ಲಿ ಮಗಳನ್ನು ಶಾಲೆಗೆ ಸೇರಿಸಲು ರಜೆ ಹಾಕಿ ಹೋಗಿದ್ದೆ. ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದೆ. ಮನೆಗೆ ಬಂದ ಮೇಲೆ ಮಗಳು, "ಅಮ್ಮಾ, ಅಷ್ಟೊಂದು ಸಹಿ ಯಾಕೆ?" ಎಂದಳು. ನಕಲು ತೆಗೆದು ಓದಿದೆ. ಒಂದು ಸಹಿ, ಶಾಲೆಯ ಪ್ರಾರ್ಥನೆ ಮತ್ತು ಧಾರ್ಮಿಕ ತರಗತಿಗೆ ಪೋಷಕರ ಒಪ್ಪಿಗೆ! ಈ ಸಾಲು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಒಂದು ಕಾಲದಲ್ಲಿ ನಮ್ಮ ಬಳ್ಳಾರಿ, ಮಂಗಳೂರು ಮತ್ತು ಈ ವಿಶಾಖಪಟ್ಟಣ ಮೂರೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಲಂಡನ್ ಮಿಷನ್‌ನವರು 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದರು. 1810ರಲ್ಲಿ ಅದೇ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಹೋದರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಉಪಕಾರ ಈ ಶಾಲೆಗಳದ್ದು. ಅಕ್ಷರದ ಜೊತೆಗೆ ಬೈಬಲ್ ಪಾಠವೂ ಇರುತ್ತಿತ್ತು.

ಸರ್ಕಾರಿ ಶಾಲೆಗಳಲ್ಲೂ ಬೈಬಲ್ ಇರಬೇಕೇ ಎಂಬ ಪ್ರಶ್ನೆ 1846ರಲ್ಲಿ ಎದ್ದಿತು. ಗವರ್ನರ್ ಟ್ವೀಡೇಲ್ ಅದರ ಪರವಾಗಿದ್ದ. 'ಕ್ರೆಸೆಂಟ್' ಪತ್ರಿಕೆ ನಡೆಸುತ್ತಿದ್ದ ತೆಲುಗು ವ್ಯಾಪಾರಿ ಗಾಜುಲ ಲಕ್ಷ್ಮೀನರಸು ಚೆಟ್ಟಿ ಮದ್ರಾಸಿನಲ್ಲಿ ಜನರನ್ನು ಸೇರಿಸಿ ವಿರೋಧಿಸಿದರು. ಲಂಡನ್ನಿನ ಕಂಪನಿ ನಿರ್ದೇಶಕರೂ ಆ ಯೋಜನೆಗೆ ಒಪ್ಪಲಿಲ್ಲ. 1854ರ ವುಡ್ ವರದಿ ಒಂದು ಮಧ್ಯದಾರಿ ಹಿಡಿಯಿತು: ಸರ್ಕಾರಿ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ, ಖಾಸಗಿ ಶಾಲೆಯು ಲೌಕಿಕ ಪಾಠವನ್ನು ಚೆನ್ನಾಗಿ ಕಲಿಸಿದರೆ ಅನುದಾನ ಉಂಟು, ಅಲ್ಲಿ ಯಾವ ಧರ್ಮ ಕಲಿಸುತ್ತಾರೆಂದು ಇನ್‌ಸ್ಪೆಕ್ಟರ್ ಕೇಳುವಂತಿಲ್ಲ.

ಸುಮಾರು ನೂರು ವರ್ಷಗಳ ನಂತರ ಅದೇ ಪ್ರಶ್ನೆ ಸಂವಿಧಾನ ಸಭೆಗೆ ಬಂತು. ಅಲ್ಲಿದ್ದ ಬೆರಳೆಣಿಕೆಯ ಮಹಿಳೆಯರಲ್ಲಿ ಅಲಹಾಬಾದಿನ ಪೂರ್ಣಿಮಾ ಬ್ಯಾನರ್ಜಿ ಒಬ್ಬರು. ಅರುಣಾ ಅಸಫ್ ಅಲಿಯವರ ತಂಗಿ. ಅನುದಾನಿತ ಶಾಲೆಗಳ ಧಾರ್ಮಿಕ ಶಿಕ್ಷಣವು ಎಲ್ಲ ಧರ್ಮಗಳ ತೌಲನಿಕ ಪರಿಚಯವಾಗಿ ಮಕ್ಕಳ ಮನಸ್ಸನ್ನು ವಿಶಾಲಗೊಳಿಸಬೇಕು ಎಂಬ ತಿದ್ದುಪಡಿಯನ್ನು ಅವರು 1947ರಲ್ಲಿ ಮಂಡಿಸಿದರು. ಅದು ಸಂವಿಧಾನದಲ್ಲಿ ಸೇರಲಿಲ್ಲ. ಸೇರಿದ್ದು 28ನೇ ವಿಧಿ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅದಕ್ಕೆ ಬಲವಂತ ಮಾಡುವಂತಿಲ್ಲ. ಅಪ್ರಾಪ್ತ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ನಾನು ಓದದೆ ಹಾಕಿದ ಸಹಿಯ ಮೂಲ ಇದೇ!

ಆದರೆ ಈ ವಿಧಿ ಕೇಳುವುದು ಪೋಷಕರನ್ನು, ಮಗುವನ್ನಲ್ಲ. ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ ವಿದ್ಯಾರ್ಥಿನಿಯರೇ ನ್ಯಾಯಾಲಯಕ್ಕೆ ಹೋದರು. ಪ್ರಶ್ನೆಯೂ ಬೇರೆ: ಪಾಠದಲ್ಲಿರುವ ಧರ್ಮವಲ್ಲ, ಮಗು ಮನೆಯಿಂದ ತರುವ ಧರ್ಮ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾ. ಹೇಮಂತ್ ಗುಪ್ತಾ ಅವರಿಗೆ ಸಮವಸ್ತ್ರದ ಸಮಾನತೆ ಮುಖ್ಯವಾಯಿತು, ನ್ಯಾ. ಸುಧಾಂಶು ಧೂಲಿಯಾ ಅವರಿಗೆ ಹೆಣ್ಣುಮಗುವಿನ ಓದು. ನಮ್ಮಲ್ಲೂ ಎರಡೂ ಅಭಿಪ್ರಾಯದವರು ಇದ್ದೀರಿ. ಏನೇ ಇರಲಿ, ಈ ಜಗಳದಲ್ಲಿ ಯಾವ ಹುಡುಗಿಯ ಓದೂ ನಿಲ್ಲಬಾರದು ಎಂಬುದಕ್ಕೆ ನಾವೆಲ್ಲ ಒಪ್ಪುತ್ತೇವೆ ಎಂದುಕೊಂಡಿದ್ದೇನೆ.

ನನ್ನ ಸಹಿಯನ್ನು ನಾನು ಹಿಂದಕ್ಕೆ ಪಡೆಯಲಿಲ್ಲ. ಮಗಳಿಗೆ ಆ ಪ್ರಾರ್ಥನೆ ಇಷ್ಟವಾಗಿದೆ. ಆದರೆ ಮುಂದಿನ ವರ್ಷ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದಿ ಹೇಳಿ, ಅವಳನ್ನೂ ಒಂದು ಮಾತು ಕೇಳಿಯೇ ಪೆನ್ನು ತೆಗೆಯುತ್ತೇನೆ. ನೀವೂ ನಿಮ್ಮ ಮಕ್ಕಳ ಅರ್ಜಿಯನ್ನು ಒಮ್ಮೆ ತೆಗೆದು ನೋಡಿ.