ಜಾವಾ ಬಂತು, ಫ್ಯಾಕ್ಟರಿ ಬರಲಿಲ್ಲ

2018ರ ಡಿಸೆಂಬರಿನ ಒಂದು ರಾತ್ರಿ ಹನ್ನೊಂದು ಗಂಟೆಗೆ ಗೆಳೆಯನೊಬ್ಬ ಫೋನ್ ಮಾಡಿದ್ದ. "ಬುಕ್ ಮಾಡ್ಬಿಟ್ಟೆ ಕಣೋ." ಏನು ಅಂತ ಕೇಳುವ ಅಗತ್ಯ ಇರಲಿಲ್ಲ. ಆ ಒಂದು ತಿಂಗಳು ನಮ್ಮ ವಯಸ್ಸಿನ ಅರ್ಧ ಜನ ಮಾತಾಡಿದ್ದು ಅದೊಂದೇ ಗಾಡಿಯ ಬಗ್ಗೆ. ನವೆಂಬರ್ 15ಕ್ಕೆ ಮುಂಬಯಿಯಲ್ಲಿ ಹೊಸ ಜಾವಾ ಬಿಡುಗಡೆಯಾಗಿತ್ತು. ಡಿಸೆಂಬರ್ ಮುಗಿಯೋದರೊಳಗೆ ಕಂಪನಿಯವರು ಆನ್‌ಲೈನ್ ಬುಕಿಂಗ್ ನಿಲ್ಲಿಸಿ, ಮುಂದಿನ ಸೆಪ್ಟೆಂಬರಿನವರೆಗೂ ಗಾಡಿ ಸೋಲ್ಡ್ ಔಟ್ ಅಂತ ಹೇಳಿಬಿಟ್ಟರು. ಓಡಿಸಿ ನೋಡದೆ, ಮುಟ್ಟಿಯೂ ನೋಡದೆ, ಒಂದೂವರೆ ಲಕ್ಷಕ್ಕೂ ಮೇಲಿನ ಗಾಡಿಗೆ ಜನ ಹೀಗೆ ಮುಗಿಬಿದ್ದಿದ್ದು ಯಾಕೆ?

ಗೆಳೆಯನನ್ನೇ ಕೇಳಿದೆ. "ನಮ್ಮಪ್ಪನ ಹತ್ರ ಇತ್ತಲ್ಲೋ" ಅಂದ. ಅವರಪ್ಪನ ಹತ್ತಿರ ಇದ್ದದ್ದು ಇದಲ್ಲ ಅನ್ನೋದು ಅವನಿಗೂ ಗೊತ್ತು. ಅದು ಟೂ-ಸ್ಟ್ರೋಕ್, ಇದು ಫೋರ್-ಸ್ಟ್ರೋಕ್. ಅದಕ್ಕೆ ಗಾಳಿಯೇ ತಂಪು, ಇದಕ್ಕೆ ರೇಡಿಯೇಟರ್. ಅದು ಮೈಸೂರಿನಲ್ಲಿ ಹುಟ್ಟಿದ್ದು, ಇದು ಮಧ್ಯಪ್ರದೇಶದ ಪೀತಂಪುರದಲ್ಲಿ. 293 ಸಿಸಿಯ ಇದರ ಇಂಜಿನ್ನಿನ ಮೂಲ ಮಹೀಂದ್ರಾದ ಮೋಜೋ ಬೈಕು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಕೊಟ್ಟಿದ್ದಾರೆ, ಯಾಕಂದ್ರೆ ಹಳೇ ಜಾವಾಗೆ ಎರಡಿತ್ತು. ಅಂದರೆ ಹೊಸ ಗಾಡಿಯ ಮೈಮೇಲೆ ಹಳೇ ಗಾಡಿಯ ನೆನಪನ್ನು ಬೆಸುಗೆ ಹಾಕಿದ್ದಾರೆ. ನನಗೆ ಬೇಕಾಗಿದ್ದು ಆ ನೆನಪಿನ ಹಿಂದಿನ ಕಥೆ. ಅದನ್ನು ಹುಡುಕುತ್ತಾ ಹೋದರೆ ಮೊದಲು ಸಿಗುವುದು ಮೈಸೂರಲ್ಲ, ಪ್ರಾಗ್.

ಫ್ರಾಂಟಿಷೆಕ್ ಯಾನೆಚೆಕ್ ಅಂತ ಒಬ್ಬ ಚೆಕ್ ಇಂಜಿನಿಯರ್. ಮಾಡುತ್ತಿದ್ದದ್ದು ಬಂದೂಕು, ಮದ್ದುಗುಂಡಿನ ಸಾಮಾನು. ಮೊದಲನೇ ಮಹಾಯುದ್ಧ ಮುಗಿದಮೇಲೆ ಆ ವ್ಯಾಪಾರ ಕುಸಿಯಿತು. 1929ರಲ್ಲಿ ಆತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಗಾಡಿಗೆ ಹೆಸರಿಟ್ಟ. ಚೆಕ್ ಭಾಷೆಯಲ್ಲಿ ಅದರ ಉಚ್ಚಾರ 'ಯಾವಾ'. ಮೈಸೂರಿಗೂ ಅದೇ ಉಚ್ಚಾರ ಬಂದಿದ್ದರೆ "ಯಾವ ಗಾಡಿ?" "ಯಾವಾ ಗಾಡಿ" ಅಂತ ಒಂದು ಪೀಳಿಗೆ ಪೂರ್ತಿ ಜಗಳ ಆಡ್ಕೊಂಡಿರ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಪ್ರಾಗ್ ಹಿಡಿದುಕೊಂಡಾಗ ಜಾವಾದ ಇಂಜಿನಿಯರುಗಳು ಗುಟ್ಟಾಗಿ ಒಂದು 250 ಸಿಸಿ ಗಾಡಿಯ ಕೆಲಸ ನಡೆಸಿದ್ದರು. ಯುದ್ಧ ಮುಗಿದ ಮೇಲೆ, 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಹೊರಗೆ ತಂದರು. ಚಿನ್ನದ ಪದಕ ಬಂತು. ಅದರ ಹೆಸರು ಪೆರಾಕ್. ನಾಜಿಗಳ ಕಾಲದ ಪ್ರಾಗ್‌ನಲ್ಲಿ ಜನ ಒಬ್ಬ ಸ್ಪ್ರಿಂಗ್ ಮನುಷ್ಯನ ಕಥೆ ಹೇಳಿಕೊಳ್ಳುತ್ತಿದ್ದರಂತೆ. ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ರಾತ್ರಿ ಗೋಡೆಯಿಂದ ಗೋಡೆಗೆ ಹಾರುವವನು, ಜರ್ಮನ್ ಸೈನಿಕರ ಕೈಗೆ ಸಿಗದವನು. ಅವನ ಹೆಸರು ಪೆರಾಕ್. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದ ಈ ಗಾಡಿಗೆ ಅದೇ ಹೆಸರು ಅಂಟಿಕೊಂಡಿತು. 2019ರಲ್ಲಿ ಹೊಸ ಕಂಪನಿ ಕಪ್ಪು ಬಣ್ಣದ, ಒಂಟಿ ಸೀಟಿನ ಪೆರಾಕ್ ಬಿಟ್ಟಾಗ ಶೋರೂಮಿನ ಹುಡುಗನನ್ನು ಹೆಸರಿನ ಅರ್ಥ ಕೇಳಿದ್ದೆ. "ಅದು ಬಾಬರ್ ಸೆಗ್ಮೆಂಟ್ ಸರ್" ಅಂದ.

ಈಗ ನಮ್ಮೂರಿಗೆ ಬರೋಣ. ಐವತ್ತರ ದಶಕದಲ್ಲಿ ಮುಂಬಯಿಯ ಇರಾನಿ ಕುಟುಂಬ ಜಾವಾ ಗಾಡಿಗಳನ್ನು ಆಮದು ಮಾಡಿಕೊಂಡು ಮಾರುತ್ತಿತ್ತು. ಸರ್ಕಾರ ಆಮದಿನ ಬಾಗಿಲು ಮುಚ್ಚುತ್ತಾ ಬಂತು. ಮಾರಬೇಕು ಅಂದರೆ ಇಲ್ಲೇ ಮಾಡಬೇಕು. ಹೀಗೆ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನಲ್ಲಿ ಹುಟ್ಟಿತು. ಯಾದವಗಿರಿಯಲ್ಲಿ ಕಾರ್ಖಾನೆ. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1961ರಿಂದ ಗಾಡಿಗಳು ಹೊರಬರತೊಡಗಿದವು. ಟಾಂಗಾ, ಸೈಕಲ್ಲು, ಪಿಂಚಣಿದಾರರ ಸಂಜೆ ವಾಕಿಂಗ್ ಇದ್ದ ಊರಿಗೆ ಮೋಟಾರ್ ಸೈಕಲ್ ಕಾರ್ಖಾನೆಯ ಸೈರನ್ನು ಬಂತು.

ಹಳೇ ಜಾವಾ ಓಡಿಸದವರಿಗೆ ಅದರ ಒಂದೆರಡು ವಿಚಾರ ಹೇಳಲೇಬೇಕು. ಅದಕ್ಕೆ ಕಿಕ್ಕರ್ ಬೇರೆ, ಗೇರ್ ಬೇರೆ ಅಂತ ಇಲ್ಲ. ಎಡಗಡೆ ಒಂದೇ ಲಿವರ್. ಅದನ್ನು ಒಳಕ್ಕೆ ತಳ್ಳಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದಮೇಲೆ ಮತ್ತೆ ಮುಂದಕ್ಕೆ ತಂದರೆ ಗೇರ್. ಗೇರ್ ಒತ್ತಿದಾಗ ಕ್ಲಚ್ ತಾನಾಗೇ ಬಿಡುವ ವ್ಯವಸ್ಥೆಯೂ ಒಳಗೇ ಇತ್ತು, ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಾಯಿಸಬಹುದಿತ್ತು. ಚೈನು ಪೂರ್ತಿ ಪೆಟ್ಟಿಗೆಯೊಳಗೆ. ಪಂಚೆ ಉಟ್ಟವರೂ ಸೀರೆ ಉಟ್ಟವರೂ ನಿಶ್ಚಿಂತೆಯಿಂದ ಹತ್ತಬಹುದಾದ ಗಾಡಿ.

ಇಂಜಿನ್ ಅಂತೂ ಸರಳ ಅಂದ್ರೆ ಸರಳ. ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಲ ಪೆಟ್ರೋಲ್ ಸಿಡಿಯುತ್ತೆ, ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಸಿಡಿಯುತ್ತೆ. ವಾಲ್ವಿಲ್ಲ, ಕ್ಯಾಮಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ರಂಧ್ರಗಳನ್ನು ಮುಚ್ಚಿ ತೆರೆಯುತ್ತೆ. ಸಣ್ಣ ಮೈಗೆ ದೊಡ್ಡ ಶಕ್ತಿ. ಆದರೆ ಇಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿನ ಜತೆಗೇ ಬೆರೆಸಬೇಕು, ಅದೂ ಉರಿಯುತ್ತೆ, ನೀಲಿ ಹೊಗೆ ಬರುತ್ತೆ. ಅರ್ಧ ಉರಿದ ಪೆಟ್ರೋಲೂ ಹಾಗೇ ಸೈಲೆನ್ಸರಿನಿಂದ ಆಚೆ. ಬಂಕಿನಲ್ಲಿ ಟೂ-ಟಿ ಆಯಿಲ್ ಹಾಕಿಸಿ ಗಾಡಿಯನ್ನು ಎಡಕ್ಕೂ ಬಲಕ್ಕೂ ಗಡಗಡ ಅಲ್ಲಾಡಿಸುತ್ತಿದ್ದ ಗಂಡಸರು ನಿಮಗೆ ನೆನಪಿರಬೇಕು. ಈ ಸರಳತೆಯಿಂದಲೇ ಅದರ ಮೆಕ್ಯಾನಿಕ್‌ಗಳು ಹುಟ್ಟಿದ್ದು. ನಾಕು ಸ್ಪ್ಯಾನರು, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡ ಹುಡುಗ ಮರದ ಕೆಳಗೆ ಕೂತು ಸಂಜೆಯೊಳಗೆ ಇಂಜಿನ್ ಬಿಚ್ಚಿ ಮುಚ್ಚಿಬಿಡುತ್ತಿದ್ದ.

ಚೆಕ್ ಕಂಪನಿಯ ಜತೆಗಿನ ಲೈಸೆನ್ಸ್ ಎಪ್ಪತ್ತರ ದಶಕದಲ್ಲಿ ಮುಗಿಯಿತು. ಟ್ಯಾಂಕಿನ ಮೇಲಿನ ಜಾವಾ ಹೋಗಿ ಯೆಜ್ಡಿ ಬಂತು. ಇರಾನಿಗಳ ಹಿರಿಯರ ನಾಡಾದ ಯಜ್ದ್ ಪಟ್ಟಣದ ಹೆಸರು ಅದು. ಇರಾನಿನ ಮರುಭೂಮಿ ಅಂಚಿನ ಊರೊಂದು ಹೀಗೆ ಮಂಡ್ಯ, ಹಾಸನದ ರಸ್ತೆಗಳಲ್ಲಿ ಡುಗುಡುಗು ಅನ್ನತೊಡಗಿತು. 1978ರಲ್ಲಿ ಬಂದದ್ದು ರೋಡ್‌ಕಿಂಗ್. 250 ಸಿಸಿ, 16 ಹಾರ್ಸ್‌ಪವರ್. ಇವತ್ತಿನ ಕಾಲೇಜು ಹುಡುಗರು ನಗಬಹುದು, ಆದರೆ ಆಗ ಅದು ರಾಜನೇ.

ಇಲ್ಲೊಂದು ಮಾತು ಹೇಳಬೇಕು, ರೋಡ್‌ಕಿಂಗ್ ಅಭಿಮಾನಿಗಳು ಬೈದರೂ ಪರವಾಗಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ರಾಜ್ ಇದ್ದಷ್ಟು ಕಾಲ 'ಹೊಸ ಮಾಡೆಲ್' ಅಂದರೆ ಇನ್ಯಾರದೋ ಹಳೇ ಮಾಡೆಲ್. ಬುಲೆಟ್ಟು ಇಂಗ್ಲೆಂಡಿನಲ್ಲಿ ಸತ್ತಮೇಲೂ ಮದ್ರಾಸಿನಲ್ಲಿ ಬದುಕಿತ್ತು. ಕಾರುಗಳ ಕಥೆ ಇನ್ನೂ ಮಜಾ. ಎಂಬತ್ತರ ದಶಕದಲ್ಲಿ ಶ್ರೀಮಂತರ ವೇಗದ ಕಾರು ಅಂತ ಬಂದ ಕಾಂಟೆಸಾ ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರಿನ ಹಳೇ ಮೈ, ಅದರೊಳಗೆ ಮೊದಮೊದಲು ಇದ್ದದ್ದು ಅಂಬಾಸಿಡರಿನದ್ದೇ ಇಂಜಿನ್! ಸ್ಟ್ಯಾಂಡರ್ಡ್ 2000 ಅಂತ ಇನ್ನೊಂದು. ರೋವರ್ ಕಾರಿನ ಚಂದದ ಮೈಯೊಳಗೆ ನಲವತ್ತರ ದಶಕದ ವ್ಯಾನ್‌ಗಾರ್ಡ್ ಇಂಜಿನ್ನಿನ ವಂಶದ್ದೊಂದು. ಪೈಲ್ವಾನನ ಅಂಗಿ ತೊಟ್ಟ ಮುದುಕ. ಪೈಪೋಟಿ ಇಲ್ಲ, ಆಮದಿಲ್ಲ, ಕಂಪನಿಗೆ ಬದಲಾಯಿಸುವ ಜರೂರೇ ಇಲ್ಲ. ಮೈಸೂರಿನ ಕಾರ್ಖಾನೆಯೂ ಅದೇ ಗಾಳಿಯಲ್ಲಿ ಬೆಳೆದದ್ದು. ಒಂದೇ ಇಂಜಿನ್ನಿನ ಸುತ್ತ ಬಣ್ಣ, ಟ್ಯಾಂಕು, ಹೆಸರು ಬದಲಿಸಿಕೊಂಡು ಮೂರೂವರೆ ದಶಕ ಕಳೆಯಿತು. ನಡುವೆ ಎರಡು ಸಿಲಿಂಡರಿನ 350 ಒಂದು ಬಂತು, ಹೆಚ್ಚು ದಿನ ನಿಲ್ಲಲಿಲ್ಲ.

ವೇಗ ಅಂದರೇನು ಅಂತ ನಮಗೆ ತೋರಿಸಿದ್ದು ಇನ್ನೊಂದು ಗಾಡಿ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಜತೆ ಸೇರಿ ರಾಜದೂತ್ 350 ತಂದಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್, ಸುಮಾರು 30 ಹಾರ್ಸ್‌ಪವರ್. ರೋಡ್‌ಕಿಂಗಿನ ಹತ್ತಿರ ಹತ್ತಿರ ಎರಡರಷ್ಟು. ಇದೂ ಯಮಹಾ ಎಪ್ಪತ್ತರ ದಶಕದಲ್ಲೇ ಮಾಡಿ ಬಿಟ್ಟ ಆರ್‌ಡಿ350. ಆದರೆ ಅಲ್ಲಿ ಮುಂದಿನ ಚಕ್ರಕ್ಕೆ ಇದ್ದ ಡಿಸ್ಕ್ ಬ್ರೇಕನ್ನು ತೆಗೆದು ಇಲ್ಲಿ ಡ್ರಮ್ ಬ್ರೇಕ್ ಕೊಟ್ಟರು. ಓಡುವ ಶಕ್ತಿ ಜಪಾನಿನದು, ನಿಲ್ಲುವ ಶಕ್ತಿ ನಮ್ಮದು. ಆರ್‌ಡಿ ಅಂದರೆ 'ರ್‍ಯಾಪಿಡ್ ಡೆತ್' ಅಂತ ಜನ ಹೆಸರಿಟ್ಟರು. ಮೈಲೇಜೂ ಇಲ್ಲ, ಬೆಲೆಯೂ ಜಾಸ್ತಿ, ಆ ದಶಕ ಮುಗಿಯುವ ಹೊತ್ತಿಗೆ ಅದೂ ಮುಗಿಯಿತು. ಈಗ ಅದೇ ಗಾಡಿಗೆ ಕೈಯಲ್ಲಿ ಹಿಡಿಯಲಾರದಷ್ಟು ಬೆಲೆ.

ಮೈಸೂರಿನ ಗಾಡಿಯನ್ನು ನಿಜವಾಗಿ ಸೋಲಿಸಿದ್ದು ಅದಲ್ಲ, 100 ಸಿಸಿಯ ಸಣ್ಣಪುಟ್ಟ ಗಾಡಿಗಳು. 1985ರಲ್ಲಿ ಎರಡು ಬಂದವು. ಒಂದು ಯಮಹಾ ಆರ್‌ಎಕ್ಸ್100. 98 ಸಿಸಿ, 11 ಹಾರ್ಸ್‌ಪವರ್, ಆದರೆ ಮೈ ಎಷ್ಟು ಹಗುರ ಅಂದರೆ ಸಿಗ್ನಲ್ಲಿನಲ್ಲಿ ದೊಡ್ಡ ಗಾಡಿಗಳು ಅದರ ಬೆನ್ನು ನೋಡಬೇಕಾಗಿತ್ತು. ಇನ್ನೊಂದು ಹೀರೋ ಹೋಂಡಾ ಸಿಡಿ100. ಫೋರ್-ಸ್ಟ್ರೋಕ್, ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು. ಹುಚ್ಚಿದ್ದವರು ಆರ್‌ಎಕ್ಸ್ ಕೊಂಡರು, ಸಂಸಾರಸ್ಥರು ಸಿಡಿ ಕೊಂಡರು. ಭಾರದ ಮೈ, ಹೊಗೆ, ಕಡಿಮೆ ಮೈಲೇಜಿನ ಯೆಜ್ಡಿಗೆ ನಡುವೆ ಜಾಗ ಉಳಿಯಲಿಲ್ಲ. 1996ರಲ್ಲಿ ಹೊಗೆಯ ಮಿತಿ ಬಿಗಿಯಾಯಿತು. ಆರ್‌ಎಕ್ಸ್100 ನಿಂತಿದ್ದು ಅದೇ ವರ್ಷ, ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿದ್ದೂ ಅದೇ ವರ್ಷ. ಕಂಪನಿ ಲಿಕ್ವಿಡೇಶನ್ನಿಗೆ ಹೋಯಿತು.

ಹೊಗೆಯ ಕಾನೂನು ತಪ್ಪು ಅಂತ ನಾನು ಹೇಳಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಆಟೋ ಹಿಂದೆ ಸ್ಕೂಟರಿನಲ್ಲಿ ನಿಂತವರು ಯಾರೂ ಹಾಗೆ ಹೇಳಲ್ಲ.

ಕಾರ್ಖಾನೆ ಸತ್ತಮೇಲೆ ಹೆಸರು ಸಾಯಬೇಕಿತ್ತು. ಸಾಯಲಿಲ್ಲ. ಉಳಿಸಿದ್ದು ಯಾವ ಕಂಪನಿಯೂ ಅಲ್ಲ. ಪಿಸ್ಟನ್ ರಿಂಗ್ ಎಲ್ಲಿ ಸಿಗುತ್ತೆ, ಯಾರ ಗುಜರಿಯಲ್ಲಿ ಹಳೇ ಟ್ಯಾಂಕಿದೆ ಅಂತ ಬಾಯಿಪಾಠ ಇದ್ದ ಮೆಕ್ಯಾನಿಕ್‌ಗಳು ಉಳಿಸಿದರು. ಹಾಲಿನ ಕ್ಯಾನು ಕಟ್ಟಿಕೊಂಡು ಅದನ್ನೇ ಓಡಿಸುತ್ತಿದ್ದ ಹಳ್ಳಿಯವರು ಉಳಿಸಿದರು. ಆಮೇಲೆ ಬೆಂಗಳೂರು, ಮೈಸೂರಿನಲ್ಲಿ ಕ್ಲಬ್ಬುಗಳಾದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಆಚರಿಸುತ್ತಾರೆ. ಒಂದು ಸಲ ಹೋಗಿ ನೋಡಿ. ಕಿವಿ ಮುಚ್ಚಿಕೊಳ್ಳಬೇಕು, ಮೂಗೂ ಮುಚ್ಚಿಕೊಳ್ಳಬೇಕು, ಆದರೂ ಎದ್ದು ಬರಕ್ಕೆ ಮನಸ್ಸಾಗಲ್ಲ.

ಈ ನೆನಪಿಗೆ ಬೆಲೆ ಇದೆ ಅಂತ ಕಂಡುಕೊಂಡವರು ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯವರು. ಮಹೀಂದ್ರಾ ದೊಡ್ಡ ಪಾಲುದಾರ. ಜತೆಗೆ ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ. (ಸಿನಿಮಾದವರಲ್ಲ, ಇವರು ಮುಂಬಯಿಯ ಬಿಲ್ಡರ್.) 2022ರ ಜನವರಿಯಲ್ಲಿ ಯೆಜ್ಡಿಯೂ ವಾಪಸ್ ಬಂತು, ಒಂದಲ್ಲ ಮೂರು ಮಾಡೆಲ್. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಒಂದು ತೀರ್ಪು ಕೊಟ್ಟಿತು. ಯೆಜ್ಡಿ ಅನ್ನೋ ಹೆಸರು ಬೊಮನ್ ಇರಾನಿಯವರದ್ದಲ್ಲ, ಲಿಕ್ವಿಡೇಶನ್ನಿನಲ್ಲಿರುವ ಐಡಿಯಲ್ ಜಾವಾದ ಸ್ವತ್ತು ಅಂತ. ಟ್ರೇಡ್‌ಮಾರ್ಕಿನ ನೋಂದಣಿಯನ್ನು ಯಾರೂ ನವೀಕರಿಸದೆ ಅದು ಬಿದ್ದುಹೋಗಿತ್ತು ನಿಜ, ಆದರೆ ಕಂಪನಿಯ ಆಸ್ತಿ ನ್ಯಾಯಾಲಯದ ಸುಪರ್ದಿಯಲ್ಲಿದ್ದಾಗ ಹೆಸರೂ ಅದರ ಜತೆಗೇ ಇರುತ್ತೆ ಅನ್ನೋದು ಆ ತೀರ್ಪಿನ ತಿರುಳು. ಮೇಲ್ಮನವಿ ಆಯಿತು. 2025ರ ಕೊನೆಗೆ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಮಾಡಿತು, ಹೆಸರು ಹೊಸಬರ ಹತ್ತಿರವೇ ಉಳಿಯಿತು.

ಕಾನೂನು ಬಲ್ಲವರು ಯಾವುದು ಸರಿ ಅಂತ ಹೇಳಲಿ. ನನಗೆ ಕಾಣೋದು ಇಷ್ಟು. ಮುಳುಗಿದ ಕಂಪನಿಯ ಸ್ವತ್ತು ಮಾರಿದರೆ ಬಂದ ದುಡ್ಡು ಸಾಲಗಾರರಿಗೂ, ಬಾಕಿ ಇರುವ ಕಾರ್ಮಿಕರಿಗೂ ಹೋಗಬೇಕು. ಹಾಗಾಗಿ ಒಂದು ಹೆಸರು ಯಾರದು ಅನ್ನೋದು ಬರೀ ಬೈಕ್ ಪ್ರೇಮಿಗಳ ಜಗಳ ಆಗಿರಲಿಲ್ಲ. ಮೊದಲ ತೀರ್ಪು ಬಂದಾಗ ಬೈಕ್ ಪ್ರಿಯರು ಎಲ್ಲೆಲ್ಲೂ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನನ್ನ ಡೆಲಿವರಿ ಲೇಟಾಗುತ್ತಾ?" ನನ್ನ ಗೆಳೆಯನೂ ಕೇಳಿದ್ದ, ಅವನು ಆಗ ಎರಡನೇ ಗಾಡಿಗೆ ಕಾಯುತ್ತಿದ್ದ. ಬೈಯಬೇಕು ಅನ್ನಿಸಿತು. ಆದರೆ ನಾನೂ ಆವತ್ತು ಮೊದಲು ಹುಡುಕಿದ್ದು ರೋಡ್‌ಸ್ಟರಿನ ಬೆಲೆಯನ್ನೇ.

ನೆನಪನ್ನು ಮಾರದೆಯೂ ವೇಗದ ಗಾಡಿ ಮಾಡಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಅಲ್ಟ್ರಾವಯಲೆಟ್ ಅನ್ನೋ ಬೆಂಗಳೂರಿನ ಕಂಪನಿ 2022ರ ನವೆಂಬರಿನಲ್ಲಿ ಎಫ್77 ಅಂತ ಎಲೆಕ್ಟ್ರಿಕ್ ಬೈಕ್ ತಂದಿತು, 3.8 ಲಕ್ಷದಿಂದ ಶುರು. ಜಿಗಣಿಯಲ್ಲಿ ಮಾಡುತ್ತಾರೆ. ಅದಕ್ಕೆ ಅಪ್ಪನೂ ಇಲ್ಲ, ಅಜ್ಜನೂ ಇಲ್ಲ. ಹೊಗೆಯಿಲ್ಲ, ಸದ್ದಿಲ್ಲ. ಮೈಸೂರಿನಿಂದ ನಂಜನಗೂಡಿನ ಕಡೆ ಹೋದರೆ ಟಿವಿಎಸ್ ಕಾರ್ಖಾನೆ ಇದೆ, ಅಲ್ಲಿ ಇವತ್ತೂ ದಿನಾ ಗಾಡಿ ಹೊರಬರುತ್ತೆ. ಆದರೂ ಮೈಸೂರಿನಲ್ಲಿ ಹಳಬರಿಗೆ "ಫ್ಯಾಕ್ಟರಿ" ಅಂದರೆ ಯಾದವಗಿರಿಯದ್ದೇ.

ಗೆಳೆಯನ ಜಾವಾ ಕೊನೆಗೂ ಬಂದಾಗ ಅದನ್ನು ತಗೊಂಡು ಮೈಸೂರಿಗೆ, ನಮ್ಮ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಚಿಕ್ಕಪ್ಪ ಇಪ್ಪತ್ತೆರಡು ವರ್ಷ ರೋಡ್‌ಕಿಂಗ್ ಓಡಿಸಿದವರು, ಮಂಡಿ ನೋವು ಬಂದಮೇಲೆ ಬಿಟ್ಟವರು. ಗಾಡಿಯ ಸುತ್ತ ಎರಡು ಸಲ ಬಂದರು. ಸೈಲೆನ್ಸರ್ ಮುಟ್ಟಿದರು. ಟ್ಯಾಂಕಿನ ಮುಚ್ಚಳ ತೆಗೆಸಿ ಬಗ್ಗಿ ವಾಸನೆ ನೋಡಿದರು.

"ಆಯಿಲ್ ಎಷ್ಟು ಹಾಕ್ಬೇಕಪ್ಪ ಇದಕ್ಕೆ, ಲೀಟರಿಗೆ?"

"ಹಾಕೋದೇ ಬೇಡ ಅಂಕಲ್, ಫೋರ್-ಸ್ಟ್ರೋಕು."

"ಕಿಕ್ಕರ್ ಎಲ್ಲಿ?"

"ಇಲ್ಲ ಅಂಕಲ್, ಬಟನ್ನು."

"ಓಹೋ" ಅಂದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಬಂದು ಕೀ ಕೇಳಿದರು.